ಫೋರ್‌ಮನ್‌ಗೂ ಟೈಸನ್‌ಗೂ ಜೋಡಿ ಕಟ್ಟುವುದು ಹೇಗೆ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ನನ್ನದೊಂದು ಟೈಲರ್ ಅಂಗಡಿ. ಭಾನುವಾರ ಬೆಳಗ್ಗೆ ಬಾಮೈದ ಬಂದು ಕೂತನೆಂದರೆ ಹೊಲಿಗೆ ನಿಂತ ಹಾಗೆ. ಬಾಕ್ಸಿಂಗ್ ರಿಂಗಿನಲ್ಲಿ ಜಾರ್ಜ್ ಫೋರ್‌ಮನ್ನೂ ಮೈಕ್ ಟೈಸನ್ನೂ ಎದುರುಬದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು? ಸೋತವನು ಮಸಾಲೆ ದೋಸೆ ಕೊಡಿಸಬೇಕು. ನಡೆಯದ ಪಂದ್ಯಕ್ಕೆ ತೀರ್ಪು ಹೇಳೋರು ಯಾರು, ದೋಸೆ ಇವತ್ತಿಗೂ ಬಂದಿಲ್ಲ. ಲೆಕ್ಕ ಹಾಕುವ ದಾರಿಯೊಂದು ಮಾತ್ರ ಕೈಗೆ ಹತ್ತಿದೆ.

ಮೊದಲು ಇಸವಿ ಗೊತ್ತುಮಾಡಿಕೊಳ್ಳಿ. ದಸರಾ ಕುಸ್ತಿಗೆ ಜೋಡಿ ಕಟ್ಟುವಾಗ ಬರೀ ಹೆಸರು ಕೇಳಿ ಕಟ್ಟುತ್ತಾರೆಯೇ? ಎದುರಿಗೆ ನಿಂತ ಮೈ ನೋಡುತ್ತಾರೆ. ಫೋರ್‌ಮನ್ ಅಂದರೆ ಯಾವ ಫೋರ್‌ಮನ್? 1973ರಲ್ಲಿ ಜಮೈಕಾದ ಕಿಂಗ್ಸ್ಟನ್ನಿನಲ್ಲಿ ಆಗಿನ ಚಾಂಪಿಯನ್ ಜೋ ಫ್ರೇಜಿಯರ್‌ನನ್ನು ಎರಡೇ ರೌಂಡಿನಲ್ಲಿ ಆರು ಸಲ ಕೆಡವಿದವನೋ, 1994ರಲ್ಲಿ 45ನೇ ವಯಸ್ಸಿಗೆ ಮೈಕಲ್ ಮೂರರ್‌ನನ್ನು ಮಲಗಿಸಿದ ಬೋಳುತಲೆಯವನೋ? ನಾನು 1973ರವನಿಗೆ, 1988ರಲ್ಲಿ ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದ ಟೈಸನ್ನನ್ನು ಕಟ್ಟುತ್ತೇನೆ.

ಆಮೇಲೆ ಟೇಪು. ಫೋರ್‌ಮನ್ ಎರಡೂ ಕೈ ಚಾಚಿದರೆ 78 ಇಂಚಿನ ಮೇಲೆ, ಟೈಸನ್ 71. ಏಳು ಇಂಚು ಅಂದಕೂಡಲೇ ಸೋಲು ಒಪ್ಪಿಕೊಳ್ಳಬೇಡಿ. ಇದು ಒಂದು ಕೈಬೆರಳ ತುದಿಯಿಂದ ಇನ್ನೊಂದು ಕೈಬೆರಳ ತುದಿಗೆ, ನಡುವಿನ ಎದೆಯೂ ಸೇರಿದ ಅಳತೆ. ಕಟಿಂಗ್ ಟೇಬಲ್ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದು, ಎರಡರ ನಡುಮಧ್ಯವನ್ನೂ ಒಂದೇ ನೇರಕ್ಕೆ ತಂದು ನೋಡಿದೆ. ಒಂದೊಂದು ಕೈಗೆ ಮಿಕ್ಕಿದ್ದು ಮೂರೂವರೆ ಇಂಚು. ನಾನು ಹೊಲಿಯುವ ಶರ್ಟಿನ ಕಫ್‌ಗಿಂತ ಬೆರಳಗಲ ಜಾಸ್ತಿ, ಅಷ್ಟೇ. ತಲೆ ಅಲ್ಲಾಡಿಸುತ್ತಾ ನುಗ್ಗುವ ಟೈಸನ್ನಿಗೆ ಅದು ಒಂದು ಹೆಜ್ಜೆ.

ಆ ಹೆಜ್ಜೆಯಲ್ಲೇ ಗಂಡಾಂತರ ಇರೋದು. ಫೋರ್‌ಮನ್ ಎರಡೂ ಕೈ ಮುಂದೆ ಚಾಚಿ ಎದುರಾಳಿಯ ಭುಜ ಹಿಡಿದು ತಳ್ಳುತ್ತಿದ್ದ, ಸಿಟಿ ಬಸ್ಸಿನಲ್ಲಿ ಮೈಮೇಲೆ ಬೀಳೋರನ್ನು ತಳ್ಳಿದ ಹಾಗೆ. ಹಾಗೆ ತಳ್ಳಿ ತನಗೆ ಬೇಕಾದಷ್ಟು ಜಾಗ ಮಾಡಿಕೊಂಡು, ಕೆಳಗಿನಿಂದ ಗದ್ದಕ್ಕೆ ಗುದ್ದು, ಅಂದರೆ ಅಪ್ಪರ್‌ಕಟ್, ಎತ್ತುತ್ತಿದ್ದ. ತಗ್ಗಿ ಬರುತ್ತಿದ್ದ ಫ್ರೇಜಿಯರ್ ಸಿಕ್ಕಿದ್ದು ಅದಕ್ಕೇ. ಟೈಸನ್ನೂ ತಗ್ಗಿ ಬರುವವನೇ. ಆದರೆ ಫ್ರೇಜಿಯರ್‌ಗೆ ಕಾವೇರಲು ಹೊತ್ತು ಬೇಕಿತ್ತು, ಟೈಸನ್ ಗಂಟೆ ಹೊಡೆದಾಗಲೇ ಕಾವೇರಿರುತ್ತಿದ್ದ.

ಇನ್ನು ನಾಕೌಟ್, ಅಂದರೆ ಪೂರ್ತಿ ರೌಂಡು ಆಡಿಸದೆ ಹೊಡೆದು ಮುಗಿಸಿದ ಪಂದ್ಯಗಳ ಎಣಿಕೆ. ಫೋರ್‌ಮನ್‌ದು 68, ಟೈಸನ್‌ದು 44. ಅದು ಗಿರಾಕಿಗೆ ತೋರಿಸುವ ಬಟ್ಟೆ. ನೀವು ನೋಡಬೇಕಾದ್ದು ಅವರು ಪೆಟ್ಟು ತಿಂದ ಪಂದ್ಯ. 1976ರಲ್ಲಿ ರಾನ್ ಲೈಲ್ ನಾಲ್ಕನೇ ರೌಂಡಿನಲ್ಲಿ ಫೋರ್‌ಮನ್‌ನನ್ನು ಎರಡು ಸಲ ಕೆಡವಿದ. ಎದ್ದವನು ಐದನೆಯದರಲ್ಲಿ ಲೈಲ್‌ನನ್ನೇ ಮಲಗಿಸಿದ. 1990ರಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಕೆಡವಿದಾಗ ಟೈಸನ್ ಮಂಡಿಯೂರಿ, ಬಾಯಿಂದ ಬಿದ್ದ ಮೌತ್‌ಗಾರ್ಡಿಗೆ, ಅಂದರೆ ಹಲ್ಲು ಕಾಯುವ ಕವಚಕ್ಕೆ, ತಡಕಾಡಿದ. ಸಿಕ್ಕಿದಾಗ ಒಂದು ತುದಿ ಹಲ್ಲಿಗೆ ಕಚ್ಚಿಕೊಂಡ, ಇನ್ನೊಂದು ತುದಿ ಬಾಯಿಂದಾಚೆ ನೇತಾಡುತ್ತಿತ್ತು. "ಭಾವ, ಅವನು 1988ರ ಟೈಸನ್ ಅಲ್ವಲ್ಲ" ಅಂತ ಬಾಮೈದ ಹಿಡಿದ. ಇಸವಿಯ ನಿಯಮ ಮಾಡಿದ್ದು ನಾನೇ. ಸೂಜಿಗೆ ದಾರ ಪೋಣಿಸುತ್ತಾ ಸುಮ್ಮನಾದೆ.

ಪಂದ್ಯದ ನಿಯಮವನ್ನೂ ಮೊದಲೇ ಮಾತಾಡಿಕೊಳ್ಳಿ. ಒಂದೇ ರೌಂಡಿನಲ್ಲಿ ಮೂರು ಸಲ ಬಿದ್ದರೆ ಮುಗಿಯಿತು ಅಂತಿದ್ದಿದ್ದರೆ ಕಿಂಗ್ಸ್ಟನ್ ಪಂದ್ಯ ಮೊದಲ ರೌಂಡಿಗೇ ಸಾಕಾಗುತ್ತಿತ್ತು.

ಕೊನೆಗೆ ಗಡಿಯಾರ. 1974ರಲ್ಲಿ ಕಿನ್ಶಾಸಾದಲ್ಲಿ ಎಂಟನೇ ರೌಂಡಿನ ಹೊತ್ತಿಗೆ ಫೋರ್‌ಮನ್ ಕೈ ಸೋತಿದ್ದ, ಮುಹಮ್ಮದ್ ಅಲಿ ಕೆಡವಿದ. ಟೈಸನ್ 1987ರಲ್ಲಿ ಎರಡು ಪಂದ್ಯ 12 ರೌಂಡೂ ಆಡಿ ಗೆದ್ದ. ಹಾಗಾಗಿ ಆರು ರೌಂಡು ದಾಟಿದರೆ ನನ್ನ ದೋಸೆ ಟೈಸನ್ ಕಡೆಗೆ. ದಾಟುವುದಿಲ್ಲ ಅನ್ನುವುದು ನನ್ನ ಲೆಕ್ಕ: ಫೋರ್‌ಮನ್, ಮೂರನೇ ರೌಂಡು, ಅದಕ್ಕೆ ಮುಂಚೆ ತಾನೂ ಒಮ್ಮೆ ನೆಲ ಕಂಡು ಎದ್ದು.

ಬಾಮೈದ ಒಪ್ಪಲಿಲ್ಲ. ಟೇಪು ಕಿತ್ತುಕೊಂಡು ಗೋಡೆಗೆ ಒರಗಿ ಎರಡೂ ಕೈ ಚಾಚಿ ನಿಂತ, ಅಳತೆ ತೆಗಿ ಅಂತ. 66 ಬಂತು.