ಲಾಕ್‌ಡೌನ್‌ನಲ್ಲಿ ಕೈತಪ್ಪುವ ಮಕ್ಕಳನ್ನು ಶಾಲೆಯ ಲೆಕ್ಕದಲ್ಲಿ ಉಳಿಸಿಕೊಳ್ಳುವುದು

ಶಾಲೆಗೆ ಬೀಗ ಬಿದ್ದ ವಾರದಲ್ಲೇ ಶಿಕ್ಷಕರು ಹಾಜರಿ ಪುಸ್ತಕ ಮುಂದಿಟ್ಟುಕೊಂಡು ಇನ್ನೊಂದು ಪಟ್ಟಿಯನ್ನು ಬರೆಯಬೇಕು. ರಾಯಚೂರು, ಕೊಪ್ಪಳದ ಹಳ್ಳಿಗಳಲ್ಲಿ ಆ ಪಟ್ಟಿಗೆ ಮೊದಲು ಸೇರಬೇಕಾದವರು ಗುಳೆ ಹೋಗುವ ಮನೆಯ ಮಕ್ಕಳು, ದೇವದಾಸಿ ತಾಯಂದಿರ ಮಕ್ಕಳು, ಅಂಗವಿಕಲ ಮಕ್ಕಳು ಮತ್ತು ಮೇಲಿನ ತರಗತಿಯ ಹೆಣ್ಣುಮಕ್ಕಳು. ಹೆಸರಿನ ಮುಂದೆ ‘ಫೋನ್ ಇದೆ’ ಎಂದಷ್ಟೇ ಬರೆದರೆ ಸಾಲದು. ಅದು ಯಾರ ಜೇಬಿನಲ್ಲಿರುತ್ತದೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತದೆ, ಕರೆನ್ಸಿ ಯಾರು ಹಾಕಿಸುತ್ತಾರೆ ಎಂಬುದೂ ಇರಬೇಕು.

ಆನ್‌ಲೈನ್ ತರಗತಿಗೆ ಬಾರದ ಮಗುವನ್ನು ಗೈರುಹಾಜರಿ ಎಂದು ಗುರುತಿಸುವುದು ಸುಲಭ, ಆದರೆ ಅದರಿಂದ ಏನೂ ತಿಳಿಯುವುದಿಲ್ಲ. ನನ್ನ ದೃಷ್ಟಿಯಲ್ಲಿ ಇಂಥ ಕಾಲದಲ್ಲಿ ಹಾಜರಿ ಪುಸ್ತಕಕ್ಕಿಂತ ನಿಜ ಹೇಳುವುದು ಅಕ್ಷರ ದಾಸೋಹದ ಪಡಿತರ ವಹಿ. 2020ರಲ್ಲಿ ಬಿಸಿಯೂಟದ ಬದಲು ಅಕ್ಕಿ, ಬೇಳೆ ಹಂಚಿದಾಗ ಪಾಲಕರು ಶಾಲೆಯ ಬಾಗಿಲಿಗೆ ಬರುತ್ತಿದ್ದರು. ಆ ದಿನ ಮಗುವನ್ನೂ ಕರೆತರಲು ಹೇಳಿ, ಬರೆದ ಪುಸ್ತಕ ನೋಡಿ, ಮುಂದಿನ ಅಭ್ಯಾಸ ಕೊಡಬಹುದು. ಆದರೆ ಮಗು ಬಂದಿಲ್ಲವೆಂದು ಪಡಿತರ ತಡೆಹಿಡಿಯಬಾರದು. ಪಡಿತರ ಒಯ್ಯಲೂ ಯಾರೂ ಬಾರದಿದ್ದರೆ ಮಾಸ್ಕ್ ಧರಿಸಿ ಅಂದೇ ಸಂಜೆ ಆ ಮನೆಗೆ ಹೋಗಬೇಕು.

ಸಂಜೆಯೇ ಏಕೆಂದರೆ, ಕುಷ್ಟಗಿಯ ಕಡೆ ಹತ್ತಿಬೀಜದ ಕ್ರಾಸಿಂಗ್ (ಬೀಜಕ್ಕಾಗಿ ಹೂವಿಗೆ ಕೈಯಿಂದ ಪರಾಗ ಸೇರಿಸುವ ಕೆಲಸ) ನಡೆಯುವ ದಿನಗಳಲ್ಲಿ ಅಥವಾ ಸಿಂಧನೂರಿನ ಕಡೆ ಭತ್ತದ ನಾಟಿಯ ಹೊತ್ತಿನಲ್ಲಿ ಹಗಲು ಹೋದರೆ ಅಜ್ಜಿಯೊಬ್ಬಳೇ ಸಿಗುತ್ತಾಳೆ. “ಹೊಲಕ್ಕ ಹೋಗ್ಯಾನ್ರಿ ಸರ” ಎಂಬ ಉತ್ತರ ಬಂದರೆ ಗದರಿಸದೆ, ಯಾರ ಹೊಲ, ಮುಂಗಡ ಹಣ ಪಡೆದಿದ್ದಾರೆಯೇ, ಕೆಲಸ ಎಂದು ಮುಗಿಯುತ್ತದೆ ಎಂದು ಕೇಳಿ ಬರೆದುಕೊಳ್ಳಿ, ಏಕೆಂದರೆ ಮುಂಗಡ ಪಡೆದ ಮನೆಯ ಮಗುವನ್ನು ಬರಿಯ ಬುದ್ಧಿಮಾತು ಶಾಲೆಗೆ ತರುವುದಿಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಹೊಲದ ಮಾಲೀಕರೊಡನೆಯೇ ಮಾತನಾಡಬೇಕಾಗುತ್ತದೆ. ಮಗುವಿನ ಮದುವೆಯ ಸುಳಿವು ಸಿಕ್ಕರೆ ಮಾತ್ರ ಕಾಯಬೇಡಿ, ತಕ್ಷಣ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಗುಂಪು ಸೇರಿಸಲು ಅನುಮತಿ ಇರುವಾಗ ಓಣಿಯ ಗುಡಿಯ ಅಂಗಳ ಸಾಕು. 2020ರ ಆಗಸ್ಟ್‌ನಲ್ಲಿ ಆರಂಭವಾದ ವಿದ್ಯಾಗಮ, ಅಂದರೆ ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಕಲಿಸುವ ಸರ್ಕಾರದ ಕಾರ್ಯಕ್ರಮ, ಹೀಗೆಯೇ ನಡೆಯಿತು; ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಆದ್ದರಿಂದ ಗುಂಪು ಚಿಕ್ಕದಾಗಿರಲಿ, ಗುಂಪು ನಿಂತರೂ ಮನೆಭೇಟಿ ನಿಲ್ಲದಿರಲಿ.

ಗುಳೆ ಹೋದವರ ಹೆಸರು ತೆಗೆಯಬಾರದು. ಮಗುವಿನ ಎಸ್‌ಎಟಿಎಸ್ ಸಂಖ್ಯೆಯನ್ನು (ಶಿಕ್ಷಣ ಇಲಾಖೆಯ ಆನ್‌ಲೈನ್ ದಾಖಲೆಯಲ್ಲಿ ಪ್ರತಿ ವಿದ್ಯಾರ್ಥಿಗೆ ಇರುವ ಗುರುತಿನ ಸಂಖ್ಯೆ) ಚೀಟಿಯಲ್ಲಿ ಬರೆದು ತಾಯಿಯ ಕೈಗೆ ಕೊಡಿ. ವರ್ಗಾವಣೆ ಪತ್ರ ತಡವಾಯಿತೆಂದು 6ರಿಂದ 14 ವರ್ಷದ ಮಗುವಿಗೆ ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ ಎಂಬುದನ್ನೂ ಆಕೆಗೆ ಹೇಳಿ ಕಳುಹಿಸಿ.