ಒಂದೇ ಬದಿ ಬರೆದ ಲೆಕ್ಕ

ನನಗೀಗ 64. ಬಾಗಲಕೋಟೆಯ ನವನಗರದಲ್ಲಿ ಮನೆ. ಸಹಕಾರಿ ಬ್ಯಾಂಕೊಂದರಲ್ಲಿ 33 ವರ್ಷ ಲೆಕ್ಕ ಬರೆದು 2019ರಲ್ಲಿ ನಿವೃತ್ತನಾದೆ. ಮನಸ್ಸಿಗೆ ಸಮಾಧಾನ ಹೇಗೆ ಸಿಕ್ಕಿತು ಅಂತ ಕೆಲವರು ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಿದ್ದೆಯ ಮಾತು. ರಾತ್ರಿ ಹತ್ತಕ್ಕೆ ನಿದ್ದೆ ಬರುತ್ತಿತ್ತು, ನಸುಕಿನ ನಾಲ್ಕಕ್ಕೆ ಎಚ್ಚರವಾಗುತ್ತಿತ್ತು, ಎಚ್ಚರವಾದ ಕೂಡಲೇ ತಲೆಯೊಳಗೆ ಅಣ್ಣನ ಜೊತೆ ಜಗಳ ಶುರು. ಅವನು ಏನನ್ನಬಹುದು, ಅದಕ್ಕೆ ನಾನು ಏನನ್ನಬೇಕು, ಅವನು ಹೇಗೆ ಬಾಯಿ ಮುಚ್ಚಬೇಕು, ಎಲ್ಲಾ ಆಡಿ ಮುಗಿಸುವಷ್ಟರಲ್ಲಿ ಹಾಲಿನವನು ಬಂದಿರುತ್ತಿದ್ದ. ಹತ್ತು ವರ್ಷ ಹೀಗೇ ನಡೆಯಿತು. ಆ ಹತ್ತು ವರ್ಷದಲ್ಲಿ ಅಣ್ಣನ ಎದುರು ನಿಂತು ನಾನು ಒಂದು ಮಾತೂ ಆಡಿರಲಿಲ್ಲ.

ಜಗಳ ಹೊಲದ್ದು. ಕೃಷ್ಣೆಗೆ ಕಟ್ಟಿದ ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಘಟಪ್ರಭೆಯ ಗುಂಟ ನಮ್ಮ ಕಡೆಗೂ ಬರುತ್ತದೆ. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಅದರಲ್ಲಿ ಹೋದವು, ನವನಗರ ಹುಟ್ಟಿದ್ದೇ ಅದಕ್ಕೆ. ನದಿ ದಂಡೆಯ ನಮ್ಮ ಊರೂ ಹೋಯಿತು, ನಾಲ್ಕು ಎಕರೆ ಎರೆ ಹೊಲ, ಒಂದು ಬಾವಿ ಹೋದವು. ಅಪ್ಪ ತೀರಿದ ಮೇಲೆ ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಅಣ್ಣನ ಹೆಸರು ಏರಿತ್ತು, ಹಾಗಾಗಿ ಪರಿಹಾರದ ಹಣ ಅವನ ಕೈಗೇ ಬಂತು. ಅವನು ಪುನರ್ವಸತಿ ಕೇಂದ್ರದಲ್ಲಿ ಮನೆ ಕಟ್ಟಿಸಿದ, ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದ. ನನಗೆ ಕೊಟ್ಟಿದ್ದು ಕಡಿಮೆ. ಇವತ್ತಿಗೂ ಕಡಿಮೆ ಅಂತಲೇ ಹೇಳುತ್ತೇನೆ. 2009ರಲ್ಲಿ ಪಾಲಿಗಾಗಿ ದಾವಾ ಹಾಕಿದೆ. ಆಮೇಲೆ ತಾರೀಖಿನ ಮೇಲೆ ತಾರೀಖು. ಕೋರ್ಟಿನ ವರಾಂಡದಲ್ಲಿ ಅಣ್ಣ ಆ ತುದಿಗೆ, ನಾನು ಈ ತುದಿಗೆ.

ಸಮಾಧಾನಕ್ಕೆ ಅಂತ ನಾನೂ ಎಲ್ಲರ ಹಾಗೆ ಓಡಾಡಿದೆ. ಯೋಗದ ಶಿಬಿರಕ್ಕೆ ಹೋದೆ, ಪ್ರಾಣಾಯಾಮ ಕಲಿತೆ, ಕೂಡಲಸಂಗಮಕ್ಕೆ ಹೋಗಿ ಕೃಷ್ಣೆ ಮತ್ತು ಮಲಪ್ರಭೆ ಸೇರುವಲ್ಲಿ ತಾಸುಗಟ್ಟಲೆ ಕೂತೆ. ಕೂತಿರುವಷ್ಟು ಹೊತ್ತು ಚೆನ್ನಾಗಿರುತ್ತಿತ್ತು. ಬಸ್ಸು ಹತ್ತಿದ ಕೂಡಲೇ ಮತ್ತೆ ಅದೇ. ಇವನ್ನು ತಪ್ಪು ಅನ್ನುವುದಿಲ್ಲ, ಆದರೆ ಕಾಲಿಗೆ ಮುಳ್ಳು ಚುಚ್ಚಿಕೊಂಡಿರುವಾಗ ಮೇಲೆ ಎಣ್ಣೆ ಸವರಿದರೆ ಏನಾಗುತ್ತದೆ ಹೇಳಿ?

2019ರ ಆಗಸ್ಟಿನಲ್ಲಿ ಮಹಾಪೂರ ಬಂತು. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಉಕ್ಕಿದವು. ಟಿವಿಯಲ್ಲಿ ಮುಳುಗಿದ ಊರುಗಳನ್ನು ತೋರಿಸುತ್ತಿದ್ದರು. ಅಣ್ಣನ ಊರಿಗೆ ಹೋಗುವ ರಸ್ತೆ ಬಂದ್ ಆಗಿದೆ ಅಂತ ಯಾರೋ ಹೇಳಿದರು. ಫೋನ್ ತೆಗೆದೆ, ಅವನ ಹೆಸರು ತೆಗೆದೆ, ಬೆರಳು ಇಡಲಿಲ್ಲ. ನಾನೇ ಯಾಕೆ ಮೊದಲು ಮಾಡಲಿ ಅನ್ನಿಸಿತು. ಅಡುಗೆಮನೆ ಬಾಗಿಲಲ್ಲಿ ನಿಂತು ಹೆಂಡತಿ ನೋಡುತ್ತಿದ್ದಳು. ಏನೂ ಅನ್ನಲಿಲ್ಲ. ಆ ರಾತ್ರಿ ನನಗೆ ನನ್ನ ಬಗ್ಗೆಯೇ ಹೆದರಿಕೆ ಆಯಿತು.

ಮರುದಿನ ಒಂದು ಉದ್ದನೆಯ ನೋಟ್‌ಬುಕ್ ತಂದೆ. ನನಗೆ ಬರುವ ವಿದ್ಯೆ ಅದೊಂದೇ, ಲೆಕ್ಕ. ಎಡಕ್ಕೆ ‘ಅಣ್ಣ ನನಗೆ ಕೊಡಬೇಕಾದದ್ದು’, ಬಲಕ್ಕೆ ‘ನಾನು ಅಣ್ಣನಿಗೆ ಕೊಡಬೇಕಾದದ್ದು’ ಅಂತ ಬರೆದು ನಡುವೆ ಗೆರೆ ಎಳೆದೆ. ಎಡಬದಿ ಐದೇ ನಿಮಿಷಕ್ಕೆ ಮುಗಿಯಿತು. ಹತ್ತು ವರ್ಷದಿಂದ ಬಾಯಿಪಾಠ ಆಗಿತ್ತಲ್ಲ. ಬಲಬದಿ ಎರಡು ದಿನ ಖಾಲಿ ಇತ್ತು.

ಮೂರನೇ ದಿನ ಒಂದು ಸಾಲು ಬರೆದೆ. 1972ರ ಬರದಲ್ಲಿ ಅಣ್ಣ ಹತ್ತನೇ ಯತ್ತೆ ಬಿಟ್ಟು ಮಣ್ಣು ಹೊರುವ ಕೆಲಸಕ್ಕೆ ಹೋದ, ನಾನು ಶಾಲೆಗೆ ಹೋದೆ. ಅಷ್ಟು ಬರೆದ ಮೇಲೆ ಕೈ ನಿಲ್ಲಲಿಲ್ಲ. ಬಿ.ಕಾಂ. ಓದುವ ಮೂರು ವರ್ಷ ನನ್ನ ರೊಟ್ಟಿ ಬುತ್ತಿಯನ್ನು ಅವನು ಸೈಕಲ್ ಮೇಲೆ ತಂದು ಬಸ್ಸಿಗೆ ಇಡುತ್ತಿದ್ದ, ಮಳೆ ಬಂದರೂ ತಪ್ಪಿಸಲಿಲ್ಲ. ಅಪ್ಪನಿಗೆ ಲಕ್ವಾ ಹೊಡೆದಾಗ ನಾಲ್ಕು ವರ್ಷ ಮಲಮೂತ್ರ ಎತ್ತಿದವರು ಅಣ್ಣ ಮತ್ತು ವೈನಿ. ನಾನು ತಿಂಗಳಿಗೊಮ್ಮೆ ಹಣ್ಣು ಹಿಡಿದುಕೊಂಡು ಹೋಗಿ ಸಂಜೆ ಬಸ್ಸಿಗೆ ವಾಪಸ್ ಬರುತ್ತಿದ್ದೆ. ಇದಕ್ಕೆಲ್ಲ ಎಷ್ಟು ರೂಪಾಯಿ ಹಾಕಬೇಕು? ಎಷ್ಟೋ ಜನರ ಖಾತೆಗೆ ಬಡ್ಡಿ ಹಾಕಿದ ಕೈ ಅದು, ಆ ಕಾಲಂ ತುಂಬಲು ಆಗಲಿಲ್ಲ. ಬಲಬದಿ ಮೂರು ಪುಟ ದಾಟಿತು.

ಎಡಬದಿಯನ್ನು ನಾನು ಹೊಡೆದುಹಾಕಲಿಲ್ಲ. ಇದನ್ನು ಒತ್ತಿ ಹೇಳಬೇಕು. ನನಗೆ ಆದ ಅನ್ಯಾಯ ಸುಳ್ಳಲ್ಲ. ಆದರೆ ಒಂದೇ ಬದಿ ಬರೆದ ಪುಸ್ತಕವನ್ನು ಬ್ಯಾಂಕಿನಲ್ಲಿ ಯಾರಾದರೂ ತಂದುಕೊಟ್ಟಿದ್ದರೆ ನಾನು ಸಹಿ ಹಾಕುತ್ತಿದ್ದೆನಾ?

ಇನ್ನೊಂದು ಕೆಲಸವನ್ನೂ ಮಾಡಿದೆ. ಕೇಸಿನ ಕತೆಯನ್ನು ಯಾರಿಗೂ ಹೇಳುವುದು ಬಿಟ್ಟೆ. ಚಹಾದ ಅಂಗಡಿಯಲ್ಲಿ, ಮದುವೆ ಮನೆಯಲ್ಲಿ ಯಾರು ಸಿಕ್ಕರೂ ಹೇಳುತ್ತಿದ್ದೆ, ಪ್ರತಿ ಸಲವೂ ಅಣ್ಣ ಇನ್ನಷ್ಟು ಕೆಟ್ಟವನಾಗುತ್ತಿದ್ದ. ‘ಏನಾತ್ರಿ ನಿಮ್ಮ ಕೇಸು?’ ಅಂತ ಕೇಳಿದರೆ ‘ನಡದೈತ್ರಿ’ ಅಂದು ಮಳೆ-ಬೆಳೆ ಮಾತಿಗೆ ಹೊರಳುತ್ತಿದ್ದೆ. ಮೊದಲ ತಿಂಗಳು ಬಹಳ ಕಷ್ಟ. ಆಮೇಲೆ ನಾಲ್ಕು ಗಂಟೆಯ ಎಚ್ಚರ ಐದಕ್ಕೆ ಹೋಯಿತು.

ಆ ಅಕ್ಟೋಬರಿನಲ್ಲಿ ವಿಜಯದಶಮಿ. ನಮ್ಮ ಕಡೆ ಬನ್ನಿ ಕೊಟ್ಟು ‘ಬಂಗಾರದಂಗ ಇರೂಣು’ ಅನ್ನುತ್ತಾರಲ್ಲ, ಎಲೆ ಹಿಡಿದು ಹೋದೆ. ಸಿನಿಮಾದ ಹಾಗೆ ಏನೂ ಆಗಲಿಲ್ಲ. ಅಣ್ಣ ಎಲೆ ತಗೊಂಡ, ಕಣ್ಣೆತ್ತಿ ನೋಡಲಿಲ್ಲ. ‘ಕುಂದ್ರು’ ಅಂದ. ವೈನಿ ಮಾತ್ರ ಸೆರಗಿನಿಂದ ಕಣ್ಣು ಒರೆಸಿಕೊಂಡು, ‘ಎಷ್ಟ ಸೊರಗೀಯೋ ತಮ್ಮಾ’ ಅಂದರು. ಹೊರಡುವಾಗ ಅಣ್ಣ ‘ತಾರೀಖು ಯಾವಾಗೈತಿ?’ ಅಂತ ಕೇಳಿದ. ‘ಬ್ಯಾಡ, ಮುಗಸೂಣು’ ಅಂದೆ.

ಮುಂದಿನ ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡೆವು. ಕೇಸು ಇರುವವರಿಗೆ ಹೇಳುತ್ತೇನೆ, ಅಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯಷ್ಟೇ ಬೆಲೆ ಇದೆ, ಅದರ ಮೇಲೆ ಅಪೀಲು ಇಲ್ಲ, ಕಟ್ಟಿದ ಕೋರ್ಟ್ ಫೀಜೂ ವಾಪಸ್ ಬರುತ್ತದೆ. ನಾನು ಕೇಳಿದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಒಪ್ಪಿಕೊಂಡೆ. ಈಗ ಆಲಮಟ್ಟಿಯಲ್ಲಿ ನೀರು ನಿಲ್ಲಿಸುವ ಮಟ್ಟವನ್ನು (ಸಮುದ್ರ ಮಟ್ಟದಿಂದ ಅಳೆದದ್ದು) 519.60ರಿಂದ 524.256 ಮೀಟರಿಗೆ ಎತ್ತರಿಸುವ ಮಾತಿದೆ, ಇನ್ನೂ ಹೊಲಗಳು ಹೋಗುತ್ತವೆ. ಹಣ ಬರುವ ಮೊದಲೇ ಅಣ್ಣತಮ್ಮಂದಿರು, ಅಕ್ಕತಂಗಿಯರು ಒಟ್ಟಿಗೆ ಕೂತು ಕಾಗದದ ಮೇಲೆ ಬರೆದುಕೊಳ್ಳಿ ಅಂತ ಹುಡುಗರಿಗೆ ಕೈಮುಗಿದು ಹೇಳುತ್ತೇನೆ. ಬಂದ ಮೇಲೆ ಬಾಯಿ ಬೇರೆ ಆಗುತ್ತದೆ.

ಈಗಲೂ ಕೆಲವು ದಿನ ನಾಲ್ಕಕ್ಕೆ ಎಚ್ಚರವಾಗುತ್ತದೆ. ಜಗಳ ಬರುತ್ತದೆ, ಜಾಸ್ತಿ ಹೊತ್ತು ಇರುವುದಿಲ್ಲ. ಎದ್ದು ಚಹಾ ಇಡುತ್ತೇನೆ.

ಹೋದ ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಅಣ್ಣ ಫೋನ್ ಮಾಡಿದ, ಹೊಲ ಕಾಣಾಕತ್ತೈತಿ, ಬಾ ಅಂತ. ಬಿರುಕು ಬಿಟ್ಟ ರಾಡಿಯ ಮೇಲೆ ಇಬ್ಬರೂ ನಡೆದೆವು. ಅವನಿಗೆ ಮೊಣಕಾಲು ನೋವು, ನಿಧಾನ ಹೋದೆವು. ಬಾವಿ ಇಲ್ಲೇ ಇತ್ತು ಅಂತ ಒಂದು ಕಡೆ ನಿಂತ. ನನ್ನ ನೆನಪಿನಲ್ಲಿ ಅದು ಇನ್ನೂ ಐವತ್ತು ಹೆಜ್ಜೆ ಆಚೆ. ಸುಮ್ನೆ ಅವನ ಪಕ್ಕ ನಿಂತೆ. ಬಿಸಿಲು ಏರುವ ಮೊದಲು ಅಲ್ಲೇ ಕೂತು ವೈನಿ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಹಿಂಡಿ ತಿಂದೆವು.