ಸೌದೆ ಒಲೆಯ ಆರೈಕೆ: ಮೊದಲು ಚಿಮಣಿ ನೋಡಿ

ಮನೆ ಬೆಚ್ಚಗಿಡೋಕೆ ಸೌದೆ ಒಲೆ ಇಟ್ಟುಕೊಂಡವರು ಗಾಜು ಒರೆಸುತ್ತಾರೆ, ಬೂದಿ ತೆಗೆಯುತ್ತಾರೆ, ಅಲ್ಲಿಗೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಕಣ್ಣಿಗೆ ಬೀಳದ ಚಿಮಣಿಯನ್ನು ಯಾರೂ ಕೇಳುವುದಿಲ್ಲ. ನಿಜವಾದ ಅಪಾಯ ಇರೋದು ಅಲ್ಲೇ.

ಸೌದೆ ಸರಿಯಾಗಿ ಉರಿಯದೆ ಬರೀ ಹೊಗೆಯಾಡಿದರೆ, ಆ ಹೊಗೆ ಮೇಲೆ ಹೋಗ್ತಾ ತಣ್ಣಗಾಗಿ ಕೊಳವೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಇದಕ್ಕೆ ಕ್ರಿಯೋಸೋಟ್ ಅಂತಾರೆ. ಶುರುವಿನಲ್ಲಿ ಇದು ಪುಡಿ ಮಸಿ, ಬ್ರಷ್ ಆಡಿಸಿದರೆ ಉದುರುತ್ತದೆ. ಹಾಗೇ ಬಿಟ್ಟರೆ ಡಾಂಬರು ಬಳಿದ ಹಾಗೆ ಹೊಳೆಯುವ ಕಪ್ಪು ಪದರ ಆಗುತ್ತದೆ, ಅದು ಯಾವ ಬ್ರಷ್‌ಗೂ ಜಗ್ಗುವುದಿಲ್ಲ. ಇದಕ್ಕೆ ಒಳಗೇ ಬೆಂಕಿ ಹತ್ತಿದರೆ ಶಾಖ 1,000 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಆದ್ದರಿಂದ ವರ್ಷಕ್ಕೆ ಒಂದು ಸಲವಾದರೂ ಚಿಮಣಿ ಗುಡಿಸಲೇಬೇಕು, ನಡುವೆ ಮಸಿ 3 ಮಿ.ಮೀ. ದಪ್ಪ ಆದರೆ ಆಗಲೂ ಗುಡಿಸಬೇಕು. ಬ್ರಷ್ ಕೊಳವೆಯ ಅಳತೆಗೆ ಸರಿಯಾಗಿರಲಿ. ಹೊಳೆಯುವ ಪದರ ಕಂಡರೆ ನೀವೇ ಕೆರೆಯೋಕೆ ಹೋಗಬೇಡಿ, ಅದೇ ಕೆಲಸ ಮಾಡುವವರನ್ನು ಕರೆಸಿ.

ಮಸಿ ಜಾಸ್ತಿ ಕಟ್ಟುತ್ತಿದೆ ಅಂದರೆ ತಪ್ಪು ಸೌದೆಯಲ್ಲೋ ಉರಿಸುವ ರೀತಿಯಲ್ಲೋ ಇದೆ. ಸೌದೆಯ ತೇವ ಶೇ. 20ಕ್ಕಿಂತ ಕಡಿಮೆ ಇರಬೇಕು. ಇದನ್ನು ಅಳೆಯೋಕೆ ಪುಟ್ಟ ಮೀಟರ್ ಸಿಗುತ್ತದೆ; ಸೌದೆಯನ್ನು ಆಗಷ್ಟೇ ಸೀಳಿ, ಒಳಗಿನ ಹೊಸ ಮುಖಕ್ಕೆ ಅದರ ಮುಳ್ಳು ಚುಚ್ಚಿ ನೋಡಿ, ಹೊರಮೈಗೆ ಚುಚ್ಚಿದರೆ ಲೆಕ್ಕ ತಪ್ಪುತ್ತದೆ. ಮೀಟರ್ ಇಲ್ಲದಿದ್ದರೆ ಎರಡು ತುಂಡು ಹಿಡಿದು ಒಂದಕ್ಕೊಂದು ಬಡಿಯಿರಿ. ಒಣಗಿದ್ದು ಟಣ್ ಅನ್ನುತ್ತದೆ, ಹಸಿ ದಪ್ ಅನ್ನುತ್ತದೆ. ಇನ್ನೊಂದು ಮಾತು, ರಾತ್ರಿಯಿಡೀ ಬೆಂಕಿ ಉಳಿಯಲಿ ಅಂತ ಒಲೆಗೆ ಗಾಳಿ ಹೋಗುವ ಕಿಂಡಿ ಪೂರ್ತಿ ಮುಚ್ಚಿ ಮಲಗುವ ಅಭ್ಯಾಸ ಇದ್ದರೆ ದಯವಿಟ್ಟು ಬಿಟ್ಟುಬಿಡಿ, ಕ್ರಿಯೋಸೋಟ್ ಕಟ್ಟೋಕೆ ಅದಕ್ಕಿಂತ ಒಳ್ಳೆ ದಾರಿ ಇಲ್ಲ. ಗಾಜು ಬೇಗ ಬೇಗ ಕಪ್ಪಾಗುತ್ತಿದ್ದರೂ ಕಾರಣ ಇವೇ. ಅದನ್ನು ಒರೆಸೋಕೆ, ಒಲೆ ತಣ್ಣಗಿರುವಾಗ, ಒದ್ದೆ ಪೇಪರ್ ಉಂಡೆಯನ್ನು ನುಣ್ಣನೆಯ ಬೂದಿಯಲ್ಲಿ ಅದ್ದಿ ಉಜ್ಜಿದರೆ ಸಾಕು.

ಬೂದಿಯನ್ನು ಪೂರ್ತಿ ಬಳಿದು ತೆಗೆಯಬೇಡಿ. ಸೌದೆ ಒಲೆಯ ತಳದಲ್ಲಿ ಎರಡು ಸೆಂ.ಮೀ. ಬೂದಿ ಇದ್ದರೆ ಕೆಂಡ ಚೆನ್ನಾಗಿ ನಿಲ್ಲುತ್ತದೆ. ಆದರೆ ತೆಗೆದ ಬೂದಿಯ ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಿ. ನಾನು ಒಮ್ಮೆ ಹಿಂದಿನ ದಿನ ತೆಗೆದಿಟ್ಟ ಬೂದಿಯನ್ನು ಕಡ್ಡಿಯಿಂದ ಕೆದಕಿದೆ. ಮೇಲೆ ಕೈ ಇಟ್ಟರೆ ತಣ್ಣಗಿತ್ತು, ನಾಲ್ಕು ಬೆರಳು ಕೆಳಗೆ ನೆಲ್ಲಿಕಾಯಿ ಗಾತ್ರದ ಕೆಂಡ ನಿಗಿನಿಗಿ ಅಂತಿತ್ತು. ಬೂದಿ ಮುಚ್ಚಿದ ಕೆಂಡ ಅನ್ನೋದು ಸುಮ್ನೆ ಹುಟ್ಟಿದ ಮಾತಲ್ಲ. ಮುಚ್ಚಳ ಇರುವ ಲೋಹದ ಬಕೆಟ್‌ಗೆ ಹಾಕಿ, ಮನೆಯಿಂದ ದೂರ, ಕಲ್ಲು ಅಥವಾ ಸಿಮೆಂಟ್ ನೆಲದ ಮೇಲೆ ಮೂರು ನಾಲ್ಕು ದಿನ ಇಟ್ಟು ಆಮೇಲೆ ಚೆಲ್ಲಿ. ಮನೆಯ ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆಯಲೇಬೇಡಿ.

ಬಾಗಿಲಿನ ಅಂಚಿಗೆ ಶಾಖ ತಡೆಯುವ ಹಗ್ಗ ಇರುತ್ತದಲ್ಲ, ಅದು ಸವೆದರೆ ಬೇಡದ ಗಾಳಿ ನುಗ್ಗಿ ಬೆಂಕಿ ನಿಮ್ಮ ಹಿಡಿತಕ್ಕೆ ಸಿಗುವುದಿಲ್ಲ. ತಣ್ಣಗಿನ ಒಲೆಯ ಬಾಗಿಲ ಸಂದಿಯಲ್ಲಿ ಒಂದು ಹಾಳೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ ಇದೆ, ಜಾರಿ ಬಂದರೆ ಹಗ್ಗ ಬದಲಿಸಬೇಕು. ಹೀಗೆ ಸುತ್ತಲೂ ನೋಡಿ. ಹೊಸ ಹಗ್ಗ ಅಷ್ಟೇ ದಪ್ಪದ್ದಿರಲಿ, ಕೂರಿಸುವಾಗ ಜಗ್ಗಬೇಡಿ, ತೆಳ್ಳಗಾಗುತ್ತದೆ. ಒಳಗಿನ ಇಟ್ಟಿಗೆಯಲ್ಲಿ ಕೂದಲೆಳೆಯಷ್ಟು ಬಿರುಕು ಇದ್ದರೆ ಚಿಂತೆಯಿಲ್ಲ, ಪುಡಿಯಾಗಿ ಉದುರುತ್ತಿದ್ದರೆ ಬದಲಿಸಿ.

ನೀರು ಕಾಯಿಸಿ ರೇಡಿಯೇಟರ್‌ಗೆ ಕಳಿಸುವ ಬಾಯ್ಲರ್ ಇದ್ದರೆ ಒಳಗೆ ಶಾಖ ಹೀರುವ ಕೊಳವೆಗಳ ಮಸಿಯನ್ನೂ ಆಗಾಗ ಬ್ರಷ್‌ನಿಂದ ತೆಗೆಯಬೇಕು. ಮಸಿ ಕಟ್ಟಿದರೆ ಶಾಖ ನೀರಿಗೆ ಹೋಗದೆ ಚಿಮಣಿ ಪಾಲಾಗುತ್ತದೆ. ಹಿಂತಿರುಗಿ ಬರುವ ನೀರು 55 ಡಿಗ್ರಿಗಿಂತ ತಣ್ಣಗಿದ್ದರೆ ಒಳಗೆ ಬೆವರೊಡೆದು ತುಕ್ಕು ಹಿಡಿಯುತ್ತದೆ. ಸುರಕ್ಷತಾ ವಾಲ್ವ್ ತೊಟ್ಟಿಕ್ಕುತ್ತಿದ್ದರೆ ಎಂದೂ ಅದರ ಬಾಯಿ ಕಟ್ಟಬೇಡಿ, ತಿಳಿದವರಿಗೆ ತೋರಿಸಿ.

ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಒಲೆ ಹಚ್ಚಲೇಬೇಡಿ. ಆ ವಿಷಾನಿಲಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ತಿಂಗಳಿಗೊಮ್ಮೆ ಅಲಾರಂನ ಬಟನ್ ಒತ್ತಿ ನೋಡಿ. ಚಿಮಣಿಯಿಂದ ರೈಲು ಬಂದ ಹಾಗೆ ಭೋರ್ ಅಂತ ಸದ್ದು ಬಂದರೆ ಒಳಗೆ ಬೆಂಕಿ ಹತ್ತಿದೆ ಅಂತ ಅರ್ಥ; ಒಲೆಯ ಗಾಳಿ ಕಿಂಡಿ ಮುಚ್ಚಿ, ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಅಗ್ನಿಶಾಮಕ ದಳಕ್ಕೆ ಫೋನ್ ಮಾಡಿ. ನೀರು ಸುರಿಯಬೇಡಿ.

ಚಳಿ ಮುಗಿದ ಮೇಲೆ ಬೂದಿಯನ್ನೆಲ್ಲ ತೆಗೆದುಬಿಡಿ, ತೇವ ಕುಡಿದ ಬೂದಿ ಕಬ್ಬಿಣ ತಿನ್ನುತ್ತದೆ. ಮತ್ತೆ ಹಚ್ಚುವ ಮುಂಚೆ ಟಾರ್ಚ್ ಬಿಟ್ಟು ಚಿಮಣಿ ನೋಡಿ, ಹಕ್ಕಿ ಗೂಡು ಕಟ್ಟಿರಬಹುದು. ಒಂದು ಹಾಳೆ ಉರಿಸಿ; ಹೊಗೆ ನೆಟ್ಟಗೆ ಮೇಲೆ ಹೋದರೆ ಸೌದೆ ಇಡಿ, ಕೋಣೆಗೆ ತಿರುಗಿದರೆ ಅವತ್ತಿಗೆ ಬಿಟ್ಟು ಕಾರಣ ಹುಡುಕಿ.